ನಮ್ಮವ್ವನ ಶವಾಸನ

ಅಕ್ಕೋರು 'ಶವಾಸನ' ಎಂದರು. ಎಲ್ಲರೂ ಜಮಖಾನದ ಮೇಲೆ ಅಂಗಾತ ಮಲಗಿದರು. ನಮ್ಮವ್ವ ಮಾತ್ರ ಎದ್ದು ಕುಳಿತಳು.

ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಇದರ ಆಚೀಚೆ ಇರುವುದನ್ನು ಅಷ್ಟಾಗಿ ನಂಬುವುದಿಲ್ಲ. ಬೆಳಗಿನ ಎಳೆಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು ಎಂದು ಮೊದಲು ಬರೆದಿದ್ದೆ. ನಾವು ಯೋಗ ಕಲಿಯುತ್ತಿದ್ದ ಹಾಲ್‌ನ ಮೂಡಣ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ. ಬಿಸಿಲನ್ನು ತೆಗೆದುಹಾಕಿದ್ದೇನೆ. ಚಂದ ಕಾಣಲೆಂದು ನೆನಪು ಇಂಥವನ್ನು ತಂದು ಸೇರಿಸುತ್ತದೆ.

ಊರು ಬೈಲಹೊಂಗಲ, ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನಮ್ಮ ಓಣಿಯ ಹಿಂದೆಯೇ ಹತ್ತಿ ಜಿನ್ನಿಂಗ್ ಕಾರಖಾನೆ. ಹತ್ತಿ ಬರುವ ದಿನಗಳಲ್ಲಿ ಗಾಳಿಯ ತುಂಬ ಎಳೆಗಳು ತೇಲುತ್ತಿದ್ದವು. ಅವ್ವನಿಗೆ ದಮ್ಮು ಏರುತ್ತಿತ್ತು. ಉಬ್ಬಸಕ್ಕೆ ನಮ್ಮ ಕಡೆ ದಮ್ಮು ಎನ್ನುತ್ತಾರೆ. ಎದೆಯೊಳಗೆ ಯಾರೋ ಸೀಟಿ ಊದಿದಂತೆ ಸಪ್ಪಳ ಬರುತ್ತಿತ್ತು. ಔಷಧಿ ನಡೆದೇ ಇತ್ತು, ಉಸಿರು ಮಾತ್ರ ಸಾಲುತ್ತಿರಲಿಲ್ಲ.

ಸರಕಾರಿ ದವಾಖಾನೆಯ ನರ್ಸಬಾಯಿ ನಮ್ಮ ಓಣಿಯವರೇ. ಸವದತ್ತಿ ಹತ್ತಿರದ ಹೂಲಿಯಿಂದ ಬಂದ ಬೌದ್ಧ ಮನೆತನದವರು. ಮಹಿಳಾ ಮಂಡಳದ ಹಾಲಿನಲ್ಲಿ ಬೆಳಿಗ್ಗೆ ಒಬ್ಬರು ಯೋಗ ಕಲಿಸುತ್ತಾರೆ, ಉಸಿರಿನ ಅಭ್ಯಾಸದಿಂದ ಹಗುರಾದೀತು ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದವರು ಅವರು. ಅವ್ವನಿಗೆ ನಿಜವಾಗಿ ಹಗುರಾಯಿತು. ಅಲ್ಲಿಂದ ಮನೆಗೆ ಬರುವಾಗ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ, ಮಾತಾಡುತ್ತ ನಡೆದು ಬರುತ್ತಿದ್ದಳು. ನಡೆಯುತ್ತಲೇ ಮಾತಾಡುವ ಅವ್ವನನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ಕಲಿಸುವವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ರಾಮದುರ್ಗದ ಕಡೆಯವರು, ಗಂಡನ ನೌಕರಿಯಿಂದಾಗಿ ಪುಣೆಯಲ್ಲಿದ್ದಾಗ ಯೋಗ ಕಲಿತವರು. ಸಂಸ್ಕೃತ ಪ್ರಾರ್ಥನೆಯಿಲ್ಲದೆ ಆರಂಭಿಸುತ್ತಿರಲಿಲ್ಲ. "ಇದು ಕವಾಯತ ಅಲ್ರಿ, ಸಾಧನಾ. ಅರ್ಧಾ ಮಾಡವರು ಮನ್ಯಾಗ ಇರ್ರಿ" ಎಂಬುದು ಅವರ ಕಾಯಂ ಮಾತು.

ಪ್ರಾರ್ಥನೆಯ ವೇಳೆ ನರ್ಸಬಾಯಿ ಬಾಯಿ ತೆರೆಯುತ್ತಿರಲಿಲ್ಲ. ಒಂದು ದಿನ ಅಕ್ಕೋರು ಕೇಳಿಯೇ ಬಿಟ್ಟರು.

"ನೀವ್ಯಾಕ ಅನ್ನೂದಿಲ್ರಿ?"

"ನಮ್ಮ ವಂದನಾ ಮನ್ಯಾಗ ಮುಗಿಸೇ ಬಂದೇನ್ರಿ ಅಕ್ಕೋರ. ಇಲ್ಲಿಗೆ ನನ್ನ ಸೊಂಟ ಅಷ್ಟ ಬಂದೈತಿ."

ಅಕ್ಕೋರಿಗೂ ನಗು ತಡೆಯಲಾಗಲಿಲ್ಲ. ನಾನು ಮನಸ್ಸಿನಲ್ಲೇ ನರ್ಸಬಾಯಿಯ ಪಕ್ಷ. ಆಗ ನನಗೆ ಯೋಗವೆಂದರೆ ಸಾಲೆಯ ಡ್ರಿಲ್ಲಿನ ನಿಧಾನದ ರೂಪ; ಅದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

ಮೊದಲ ದಿನಗಳೆಲ್ಲ ನಿಂತು, ಕುಳಿತು ಮಾಡುವ ಅಭ್ಯಾಸಗಳೇ. ನಾವೆಲ್ಲ ಸೆರಗು ಬಿಗಿದು ಸೀರೆಯಲ್ಲೇ ಮಾಡುತ್ತಿದ್ದೆವು. ಆಮೇಲೊಂದು ಬೆಳಿಗ್ಗೆ ಅಕ್ಕೋರು ಹೊಸದೊಂದು ಹೇಳಿಕೊಟ್ಟರು.

"ಇದು ಶವಾಸನ. ಹೆಣದಂಗ ಆಗಿಬಿಡ್ರಿ. ಎಲ್ಲಾ ಬಿಟ್ಟಬಿಡ್ರಿ."

ಅವ್ವ ಗೋಡೆಯ ಕಡೆ ಸರಿದಳು. ಬೆನ್ನು ಆನಿಸಿ ಚಕ್ಕಳಮಕ್ಕಳ ಹಾಕಿದಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ, ಅದರೊಳಗಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಅವ್ವಾರ, ಮಲಗ್ರಿ" ಎಂದರು ಅಕ್ಕೋರು.

"ಹೆಣದಂಗ ಅಂದ್ರೆಲ್ರಿ?"

"ಹೂಂ, ಹೆಣದಂಗ."

"ನಮ್ಮ ಹೆಣ ಮಲಗೂದಿಲ್ರಿ ಅಕ್ಕೋರ. ಕುಂದರತಾವ."

ನಾವು ಲಿಂಗ ಕಟ್ಟಿಕೊಂಡ ಮನೆತನದವರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ; ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಅಲ್ಲಿದ್ದ ಅರ್ಧಕ್ಕರ್ಧ ಹೆಂಗಸರ ಮನೆಯ ಪದ್ಧತಿ ಅದೇ. ನನ್ನ ಪಕ್ಕ ಮಲಗಿದ್ದ, ಹತ್ತಿ ದಲಾಲಿ ಮಾಡುವ ಅಡತಿ ಅಂಗಡಿಯವರ ಹೆಂಡತಿ ದಡಕ್ಕನೆ ಎದ್ದರು.

"ಅಯ್ಯ ಶಿವನ! ಖರೇನ ಐತಿ. ಏಳ್ರೆ, ಏಳ್ರೆ, ನಾವು ಯಾರದೋ ಹೆಣ ಆಗೇವಿ!"

ನಗುವಿನಲ್ಲಿ ಇಡೀ ಹಾಲ್ ಮುಳುಗಿಹೋಯಿತು. ಮಲಗಿದ್ದವರು ಮಲಗಿಕೊಂಡೇ ನಕ್ಕರು. ಅಕ್ಕೋರ ಮುಖ ಕೆಂಪಾಯಿತು. ಅವಮಾನಕ್ಕೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅವರಿಗೆ ನೋವಾಗಿತ್ತು. ಅವರು ಪ್ರಾಣದಂತೆ ಹಿಡಿದುಕೊಂಡು ಬಂದದ್ದು ಜೋಕಾಗಿಹೋಗಿತ್ತು.

"ಹೇಳಿದಂಗ ಮಾಡೂದಾದ್ರ ನಾಳಿ ಬರ್ರಿ ಅವ್ವಾರ. ಇಲ್ಲಂದ್ರ ಬ್ಯಾಡ್ರಿ" ಎಂದರು.

ನರ್ಸಬಾಯಿ ನಡುವೆ ಬಂದರು. "ಅವರನ್ನ ಮಲಗಸಬ್ಯಾಡ್ರಿ ಅಕ್ಕೋರ. ಅಂಗಾತ ಮಲಗಿದ್ರ ಅವರಿಗೆ ದಮ್ಮ ಏರತೈತಿ."

ಅದೂ ನಿಜವೇ. ದಮ್ಮು ಜೋರಾದ ದಿನಗಳಲ್ಲಿ ಅವ್ವ ಹಾಸಿಗೆಯ ಸುರುಳಿಗೆ ಒರಗಿ ಕುಳಿತೇ ನಿದ್ದೆ ಮಾಡುವವಳು. ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ.

"ದಮ್ಮಿನ ಸಲುವಾಗಿ ಅಲ್ಲ ತಂಗಿ" ಎಂದಳು.

ಮನೆಗೆ ಬಂದ ಮೇಲೆ ನಾನು ರೇಗಿದೆ. ಹೋಗುವುದು ತಪ್ಪಿದರೆ ಅವಳ ಆ ಒಂದಿಷ್ಟು ಉಸಿರೂ ಹೋದಂತೆ ಎಂಬ ಹೆದರಿಕೆ ನನಗೆ.

"ಅದು ಬರೇ ವ್ಯಾಯಾಮಬೇ. ಒಂದ ಗಳಿಗಿ ಮಲಗಿದ್ರ ಏನಾಗತಿತ್ತು?"

"ವ್ಯಾಯಾಮ ಅಂದಿದ್ರ ಮಲಗಾಕ ನೋಡತಿದ್ದೆ. ಅವರು ಸಾಧನಾ ಅಂದ್ರು. ಹೆಣ ಆಗ್ರಿ ಅಂದ್ರು. ನಾ ಖರೇ ಅಂತ ತಿಳಕೊಂಡೆ."

"ಈಗೇನ್ ಮಾಡತಿ?"

"ನಾಳಿ ಹೋಗತೇನಿ. ಹೊಳ್ಳಿ ಹೋಗ್ರಿ ಅಂದ್ರ ಹೊಳ್ಳಿ ಬರತೇನಿ."

ಅವ್ವನ ಈ ಮಾತು ಅಕ್ಕೋರ ಕಿವಿಗೆ ಬಿತ್ತು. ಯಾರು ಮುಟ್ಟಿಸಿದರು? ಈ ಬರಹದ ಒಂದು ಕರಡಿನಲ್ಲಿ ನಾನೇ ಹೋಗಿ ಹೇಳುತ್ತೇನೆ, ಇನ್ನೊಂದರಲ್ಲಿ ನರ್ಸಬಾಯಿ. ನರ್ಸಬಾಯಿಯೇ ಇರಬೇಕು, ಅಂಥ ಕೆಲಸಗಳನ್ನು ಮಾಡುತ್ತಿದ್ದವರು ಅವರು, ನಾನಲ್ಲ.

ಮರುದಿನ ಅವ್ವ ಹೋದಳು. ಅಕ್ಕೋರು ಅವಳನ್ನು ಹಿಂದಕ್ಕೆ ಕಳಿಸಲಿಲ್ಲ. ಕೊನೆಗೆ ಶವಾಸನ ಬಂತು. ನಾವು ಮಲಗಿದೆವು, ಅವ್ವ ಗೋಡೆಗೆ ಆನಿಸಿ ಕುಳಿತಳು. ಈ ಸಲ ಯಾರೂ ನಗಲಿಲ್ಲ. ಅಕ್ಕೋರು ಒಬ್ಬೊಬ್ಬರ ಹತ್ತಿರ ಬಂದು, ಮುಂಗೈ ಹಿಡಿದು ಮೇಲೆತ್ತಿ ಕೈಬಿಡತೊಡಗಿದರು. ಮೈ ನಿಜವಾಗಿ ಸಡಿಲಾಗಿದ್ದರೆ ಕೈ ತಾನಾಗಿ ಬೀಳಬೇಕು. ನನ್ನ ಕೈ ಮರದ ಕೊರಡಿನ ಹಾಗೆ ನಿಧಾನಕ್ಕೆ ಇಳಿಯಿತು. ಅಡತಿಯವರ ಹೆಂಡತಿಯ ಕೈಯಂತೂ ಬಿಟ್ಟ ಮೇಲೂ ಗಾಳಿಯಲ್ಲೇ ನಿಂತಿತು.

"ಇಳಸ್ರಿ ಬಾಯಾರ, ಬಸ್ಸೇನ್ ನಿಲ್ಲಸಾಕ ಹತ್ತೀರಿ?" ಎಂದರು ಅಕ್ಕೋರು.

ಆಮೇಲೆ ಗೋಡೆಯ ಕಡೆ ಹೋದರು. ಕಣ್ಣ ಸಂದಿಯಿಂದ ನಾನು ನೋಡುತ್ತಿದ್ದೆ; ನೋಡಬಾರದಿತ್ತು, ಹೆಣಗಳು ನೋಡುವುದಿಲ್ಲ. ಅಕ್ಕೋರು ಅವ್ವನ ಮುಂದೆ ಮೊಣಕಾಲೂರಿ ಕುಳಿತರು. ಕೈ ಚಾಚಿದವರು ಲಿಂಗ ಕಂಡು ತಡೆದರು.

"ಅವ್ವಾರ, ಬಲಗೈ ಮುಟ್ಟಲೇನ್ರಿ?"

"ಹೂಂ" ಎಂದಳು ಅವ್ವ, ಕಣ್ಣು ತೆರೆಯದೆ.

ಅಕ್ಕೋರು ಎತ್ತಿ ಬಿಟ್ಟರು. ಹಸಿ ಬಟ್ಟೆ ಬಿದ್ದ ಹಾಗೆ ಆ ಕೈ ತೊಡೆಯ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದರು. ಇನ್ನೊಮ್ಮೆ ಬಿತ್ತು.

"ಇವರದೊಂದ ಬರೋಬ್ಬರಿ ಬಂದೈತಿ ನೋಡ್ರಿ."

"ಹಂಗಾರ ಅವರು ಹೋದ್ರು, ನಾವು ಉಳದೇವಿ" ಎಂದರು ಅಡತಿಯವರ ಹೆಂಡತಿ. ಅವ್ವನ ತುಟಿಯಲ್ಲಿ ನಗು ಕಂಡಿತು, ಕಣ್ಣು ಮುಚ್ಚಿಯೇ ಇತ್ತು.

ಅಂದಿನಿಂದ ಅಕ್ಕೋರು 'ಹೆಣದಂಗ' ಎನ್ನುವುದನ್ನು ಬಿಟ್ಟರು. "ನಿಮ್ಮ ನಿಮ್ಮ ಪ್ರಕಾರ ಬಿಟ್ಟಬಿಡ್ರಿ" ಎನ್ನುತ್ತಿದ್ದರು. ಪ್ರಾರ್ಥನೆ ಬಿಡಲಿಲ್ಲ, ಸಾಧನಾ ಎನ್ನುವುದನ್ನೂ ಬಿಡಲಿಲ್ಲ. ನರ್ಸಬಾಯಿ ಬಾಯಿ ತೆರೆಯಲೂ ಇಲ್ಲ. ಶವಾಸನದಲ್ಲಿ ಅವರು ನಿದ್ದೆ ಹೋಗಿ ಗೊರಕೆ ಹೊಡೆಯುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದವರು, ಮಲಗಲಿ ಎಂದು ಅಕ್ಕೋರು ಅವರನ್ನು ಕೊನೆಗೆ ಎಬ್ಬಿಸುತ್ತಿದ್ದರು.

ಅವ್ವನ ದಮ್ಮು ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತಿಯ ದಿನಗಳು ಬಂದವು, ಸೀಟಿಯ ಸಪ್ಪಳವೂ ಬಂತು. ಆದರೆ ಅವಳು ಬೆಳಿಗ್ಗೆ ಹೋಗುವುದನ್ನು ತಪ್ಪಿಸಲಿಲ್ಲ. ಬರುವಾಗ ಕಿತ್ತೂರ ಕಡೆಯ ತವರುಮನೆಯ ಸುದ್ದಿ ಹೇಳುತ್ತ ನನಗಿಂತ ಮುಂದೆ ನಡೆಯುತ್ತಿದ್ದಳು.

ಒಮ್ಮೆ ದಾರಿಯಲ್ಲಿ ಕೇಳಿದೆ. "ಖರೇ ಹೇಳಬೇ. ಪದ್ಧತಿ ಅಂತ ಕುಂತಿದ್ದೋ, ಮಲಗಿದ್ರ ಉಸರ ಹತ್ತೂದಿಲ್ಲಂತ ಕುಂತಿದ್ದೋ?"

"ನಿನಗ ಅದೆಲ್ಲಾ ಬಿಡಿಸಿ ಇಡಬೇಕು ನೋಡು" ಎಂದಳು. "ಕುಂತಿದ್ದೆ, ಉಸರ ಬಂತು. ಅಕ್ಕೋರು ಚಲೋ ಕಲಸ್ತಾರ."

ಯೋಗ ದೇವರದೋ ದೇಹದ್ದೋ ಎಂದು ಈಗಲೂ ಜನ ನನ್ನನ್ನು ಕೇಳುವುದುಂಟು. ನಾನು ಅವರಿಗೆ ಅವ್ವನ ಶವಾಸನದ ಕಥೆ ಹೇಳುತ್ತೇನೆ. ಕೈ ಚಾಚಿ, ತಡೆದು, ಮುಟ್ಟಲೇನ್ರಿ ಎಂದು ಕೇಳಿದ ಒಬ್ಬ ಹೆಂಗಸಿನ ಋಣ ನನ್ನ ಮೇಲಿದೆ.