ಕಾಫಿಪುಡಿ ಅಂಗಡಿಯ ಕೆಮ್ಮು

ಕಾಫಿಪುಡಿ ಅಂಗಡಿಯಲ್ಲಿ ಕೂತು ಸಿಗರೇಟು ಬಿಡುವುದೆಂದರೆ ಮದುವೆಮನೆಯ ಅಡುಗೆಕೋಣೆಯಲ್ಲಿ ಕೂತು ಉಪವಾಸ ಮಾಡಿದ ಹಾಗೆ. ಮಾತಿಗೆ ಹೇಳುತ್ತಿಲ್ಲ, ಮಾಡಿ ಅನುಭವಿಸಿದ್ದೇನೆ. ಕಾಫಿ ಕುಡಿದ ಬಾಯಿಗೆ ಸಿಗರೇಟು ಬೇಕು, ಸಿಗರೇಟು ಸೇದಿದ ಬಾಯಿಗೆ ಕಾಫಿ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ದಿನವಿಡೀ ಮೂಸುತ್ತ ಕೂರು ಎಂದರೆ ಯಾವನಿಗಾದರೂ ತಲೆ ಕೆಡುತ್ತದೆ. ನನಗೂ ಕೆಟ್ಟಿತು.

ಅಂಗಡಿ ನನ್ನದಲ್ಲ, ಅತ್ತೆಯದು, ಎಂದರೆ ನನ್ನ ಹೆಂಡತಿಯ ತಾಯಿಯದು. ಮತ್ತಿಕೆರೆಯ ಒಂದು ಅಡ್ಡರಸ್ತೆಯಲ್ಲಿ, ಕಾಲೇಜು ವಿದ್ಯಾರ್ಥಿಗಳ ಬಾಡಿಗೆ ರೂಮುಗಳ ಕೆಳಗೆ ಇತ್ತು. ಮುಂದೆ ಗಲ್ಲಾ, ಪಕ್ಕದಲ್ಲಿ ಪುಡಿ ಮಾಡುವ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವ ಡ್ರಮ್ಮು. 2008ರಲ್ಲಿ ಮಾವ ತೀರಿಕೊಂಡ ಮೇಲೆ ನಾನು ಕೊರಿಯರ್ ಕೆಲಸ ಬಿಟ್ಟು ಬಂದು ಸೇರಿಕೊಂಡೆ. ಮನೆ ಅಳಿಯ ಕೇಳಿದ್ದೇವೆ, ಅಂಗಡಿ ಅಳಿಯ ಇವನೇ ಮೊದಲು ಎಂದು ಸ್ನೇಹಿತರು ಆಡಿಕೊಂಡರು. ಪುಡಿ ಮಾಡುವುದು, ಚಿಕೋರಿ ಬೆರೆಸುವುದು, ಪೊಟ್ಟಣ ಕಟ್ಟುವುದು ನನ್ನ ಪಾಲು. ಹುರಿಯುವುದು ಮಾತ್ರ ಅತ್ತೆಯದೇ.

ಅವರು ಹುರಿಯುವುದನ್ನು ನೋಡಲೆಂದೇ ಗಿರಾಕಿಗಳು ಗಲ್ಲಾದ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. ಡ್ರಮ್ಮು ತಿರುಗುತ್ತಿರುತ್ತದೆ. ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ಬಂದು ಚಟಪಟ ಸಿಡಿಯತೊಡಗುತ್ತದೆ. ಅತ್ತೆ ಉದ್ದನೆಯ ಸೌಟಿನಲ್ಲಿ ನಾಲ್ಕು ಬೀಜ ತೆಗೆದು ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ, “ಸಾಕು” ಎಂದು ಡ್ರಮ್ಮಿನ ಹಿಡಿ ಎಳೆಯುತ್ತಿದ್ದರು. ಅಷ್ಟೂ ಬೀಜ ಹೊಗೆಯಾಡುತ್ತ ತಟ್ಟೆಗೆ ಸುರಿಯುತ್ತಿತ್ತು. ಅರ್ಧ ನಿಮಿಷ ತಡವಾದರೆ ಕಹಿ, ಅರ್ಧ ನಿಮಿಷ ಮುಂಚೆಯಾದರೆ ಹುಳಿ. ಆ ಅರ್ಧ ನಿಮಿಷದ ಮೇಲೆ ನಮ್ಮ ಅಂಗಡಿ ನಿಂತಿತ್ತು. ಅತ್ತೆಯ ಮೂಗಿನ ಮೇಲಿದ್ದ ಕೆಂಪು ಹರಳಿನ ಮೂಗುತಿಗಿಂತ ಆ ಮೂಗಿಗೇ ಬೆಲೆ ಜಾಸ್ತಿ ಎಂದು ಗಿರಾಕಿಗಳು ಹೇಳುತ್ತಿದ್ದರು.

ಆ ಮೂಗಿಗೆ ಹೆದರಿಯೇ ನಾನು ಪ್ರತಿ ಸಿಗರೇಟಿನ ಮೇಲೆ ಎರಡು ಲವಂಗ ಅಗಿದು ಅಂಗಡಿಯೊಳಗೆ ಕಾಲಿಡುತ್ತಿದ್ದೆ. ಆದರೂ ಅತ್ತೆ ಮುಖ ನೋಡಿದ ಕೂಡಲೇ, “ಆಯ್ತಾ ಸೇವೆ?” ಎನ್ನುತ್ತಿದ್ದರು. ಬೇರೇನೂ ಹೇಳುತ್ತಿರಲಿಲ್ಲ. ಹಾಗಾಗಿ 2014ರ ದೀಪಾವಳಿ ಮುಗಿದ ವಾರ ಅವರು ನನ್ನನ್ನು ಕೂರಿಸಿಕೊಂಡು ಮಾತಾಡಿದಾಗ ಗಾಬರಿಯಾಯಿತು.

“ಯುಗಾದಿಯೊಳಗೆ ಸಿಗರೇಟ್ ಬಿಡಿ. ಹುರಿಯೋದು ಕಲಿಸ್ತೀನಿ. ಆಗಲ್ಲ ಅಂದ್ರೆ ಡ್ರಮ್ ಮಾರಿ, ಯಶವಂತಪುರದಿಂದ ಹುರಿದ ಬೀಜಾನೇ ತರಿಸೋಣ. ನಂಗೆ ಇನ್ನು ಒಬ್ಬಳೇ ಆಗಲ್ಲ.”

“ಕಲಿಯೋಕೂ ಸಿಗರೇಟಿಗೂ ಏನ್ ಸಂಬಂಧ ಅತ್ತೆ?”

“ಹೊಗೆ ಹೊಡೆದ ಮೂಗು ಇದಕ್ಕೆ ಆಗಲ್ಲ.”

ಡ್ರಮ್ಮು ಹೋದರೆ ಉಳಿಯುವುದೇನು? ಯಾರೋ ಹುರಿದದ್ದನ್ನು ನಾವು ಪೊಟ್ಟಣ ಕಟ್ಟಿ ಮಾರುವುದು. ಆರು ವರ್ಷದಿಂದ ಆ ಕೋಣೆಯ ಹೊಸ್ತಿಲಲ್ಲಿ ನಿಂತು ನೋಡಿದ್ದೆ. ಒಂದು ದಿನ ಆ ಹಿಡಿ ನನ್ನ ಕೈಗೆ ಬರಲಿ ಎಂಬ ಆಸೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಬಿಡುತ್ತೇನೆ ಎಂದುಬಿಟ್ಟೆ.

ಎರಡು ಸಲ ಒಮ್ಮೆಗೇ ಬಿಟ್ಟು, ಎರಡು ಸಲವೂ ಮಧ್ಯಾಹ್ನದೊಳಗೆ ಸೋತೆ. ಮೂರನೇ ಸಲ ಆರ್.ಟಿ. ನಗರದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಗೆ ಹೋದೆ. ಅಲ್ಲಿ ವೇಪ್, ಅಂದರೆ ಬ್ಯಾಟರಿ ಸಿಗರೇಟು, ಸಿಗುತ್ತದೆಂದು ಯಾರೋ ಹೇಳಿದ್ದರು. ಅಂಗಡಿಯವರು ಪೆನ್ನಿನಂಥದ್ದೊಂದನ್ನು ನನ್ನ ಕೈಗಿಟ್ಟು, “ಇದ್ರಲ್ಲಿ ಹೊಗೆ ಇಲ್ಲ ಭಾಯ್, ಬರೀ ಆವಿ. ಇಡ್ಲಿ ಪಾತ್ರೆ ಇದ್ದಂಗೆ” ಎಂದರು. ರುಚಿಗಳಲ್ಲಿ ಕಾಫಿಯೂ ಇತ್ತು. ಒಂದೇ ಒಂದು ದಮ್ಮು ಎಳೆದು ನೋಡಿ, ನಮ್ಮ ಅತ್ತೆಗೆ ಇದು ಗೊತ್ತಾದರೆ ಅಂಗಡಿ ಮಾತ್ರವಲ್ಲ, ಮನೆಯನ್ನೂ ಬಿಡಬೇಕಾಗುತ್ತದೆ ಎನ್ನಿಸಿ ವಾಪಸ್ ಕೊಟ್ಟೆ. ಪೆನ್ನಿಗೆ ಪುದೀನ ರುಚಿಯ ದ್ರವ ತುಂಬಿಸಿಕೊಂಡೆ.

ಆ ಪೆನ್ನು ಬಂದರೆ ಸಿಗರೇಟು ತಾನಾಗಿ ಹೋಗುತ್ತದೆಂದು ನಂಬಿದ್ದೆ. ಎಂಥ ಹೋಗುವುದು! ಸಿಗರೇಟಿನ ಹಾಗೆ ಜೋರಾಗಿ ಎಳೆದರೆ ಗಂಟಲು ಹಿಡಿದು ಕಣ್ಣಲ್ಲಿ ನೀರು. ಮೆಲ್ಲಗೆ ಎಳೆದರೆ ಏನೂ ಎಳೆದಂತಿಲ್ಲ. ಮೊದಲ ವಾರ ನಿಕೋಟಿನ್ ಕಡಿಮೆ ಇದ್ದ ದ್ರವ ಹಾಕಿಕೊಂಡು ಕೈ ನಡುಗಿತು. ಆಮೇಲೆ ಜಾಸ್ತಿಯದು ಹಾಕಿಕೊಂಡು ತಲೆ ತಿರುಗಿತು. ಬಾಯಲ್ಲಿ ಹುಣ್ಣಾಯಿತು. ಇದ್ದ ಕೆಮ್ಮು ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಊಟವಾದ ಕೂಡಲೇ ಬೆರಳುಗಳು ತಾವಾಗಿ ಜೇಬಿಗೆ ಹೋಗುತ್ತಿದ್ದವು. ಜೇಬಿನಲ್ಲಿದ್ದದ್ದು ಪೆನ್ನು, ಅದಕ್ಕೆ ಚಾರ್ಜ್ ಇರುತ್ತಿರಲಿಲ್ಲ. ಬೆಂಕಿಪೊಟ್ಟಣ ಇಟ್ಟುಕೊಂಡು ಬದುಕಿದವನು ಪ್ಲಗ್ ಪಾಯಿಂಟಿನ ಪಕ್ಕ ಅರ್ಧ ಗಂಟೆ ಕಾಯುತ್ತ ನಿಲ್ಲುವುದು ಎಂಥ ಅವಮಾನ!

ದಿನಾ ನನ್ನ ಜತೆ ಸೇದುತ್ತಿದ್ದ ಆಟೋ ಸ್ಟ್ಯಾಂಡಿನವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಗುರು, ಪೆನ್ನಿಗೆ ಧೂಪ ಹಾಕ್ಸಿದೀಯಾ?” ಎಂದು ಒಬ್ಬ. “ಒಂದು ಹಾಳೆ ಕೊಡ್ರೋ, ಸಹಿ ಮಾಡ್ಲಿ” ಎಂದು ಇನ್ನೊಬ್ಬ. ನಾನು ಕೆರಳಿ ಅವರ ಕಡೆ ಹೋಗುವುದನ್ನೇ ಬಿಟ್ಟೆ. ನನಗೆ ತಿಳಿಯದೆ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಗಿರಾಕಿಗಳ ಮೇಲೂ ಹಾರಾಡಿದೆ. ಅರ್ಧ ಕೆಜಿಯನ್ನು ಕಾಲು ಕಾಲು ಕೆಜಿ ಬೇರೆ ಬೇರೆ ಮಾಡಿ ಕೊಡಿ ಎಂದ ಹೆಂಗಸಿಗೆ, “ಒಂದೊಂದೇ ಬೀಜ ಎಣಿಸಿ ಕೊಡ್ಲಾ?” ಎಂದುಬಿಟ್ಟೆ. ಅತ್ತೆ ಒಳಗಿನಿಂದ ಬಂದು ಅವರನ್ನು ಸಮಾಧಾನ ಮಾಡಿದರು. ನನಗೆ ಬೈಯಲಿಲ್ಲ. ಸಂಜೆ ನನ್ನ ಮುಂದೆ ಒಂದು ತಟ್ಟೆ ಹುರಿಗಡಲೆ ಇಟ್ಟು, “ಬಾಯಿಗೆ ಏನಾದ್ರೂ ಕೆಲಸ ಕೊಡಿ” ಎಂದರು. ಹುರಿಗಡಲೆ ನಿಜಕ್ಕೂ ಕೆಲಸಕ್ಕೆ ಬಂತು.

ದೊಡ್ಡ ತೊಂದರೆ ಬೇರೆಯೇ ಇತ್ತು. ಸಿಗರೇಟಿಗೆ ಒಂದು ಕೊನೆಯಿದೆ. ಬೆರಳಿಗೆ ಬಿಸಿ ತಾಗುತ್ತದೆ, ಎಸೆಯುತ್ತೀರಿ, ಒಳಗೆ ಬರುತ್ತೀರಿ. ಪೆನ್ನಿಗೆ ಕೊನೆಯೇ ಇಲ್ಲ. ಎಷ್ಟು ಎಳೆದರೂ ಅದು ಅಷ್ಟೇ ಉದ್ದ. ಹೀಗಾಗಿ ದಿನವಿಡೀ ಎಳೆಯುತ್ತಲೇ ಇದ್ದೆ. ಕೊನೆಗೆ ನಾನೇ ಒಂದು ನಿಯಮ ಮಾಡಿಕೊಂಡೆ: ಒಂದು ಸಲ ಮೆಷಿನ್ನಿಗೆ ಬೀಜ ಹಾಕಿ ಪುಡಿಯಾಗುವವರೆಗೆ ಮೂರು ದಮ್ಮು, ಮೆಷಿನ್ ನಿಂತರೆ ಪೆನ್ನು ಜೇಬಿಗೆ. ಹೊಗೆಯಲ್ಲ, ವಾಸನೆಯಿಲ್ಲ, ಹೊರಗೆ ಯಾಕೆ ಹೋಗಬೇಕೆಂದು ಮೆಷಿನ್ನಿನ ಪಕ್ಕದಲ್ಲೇ ನಿಂತು ಎಳೆಯುತ್ತಿದ್ದೆ. ನಿಯಮ ಚೆನ್ನಾಗಿ ನಡೆಯಿತು. ಹತ್ತು ದಿನ ಒಂದೂ ಸಿಗರೇಟು ಸೇದಲಿಲ್ಲ.

ಹನ್ನೊಂದನೆಯ ದಿನ ನಮ್ಮ ಬಹಳ ಹಳೆಯ ಗಿರಾಕಿ, ರಿಟೈರಾದ ಮೇಷ್ಟ್ರೊಬ್ಬರು, ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಅವರು ಒಂದು ವರ್ಷದಿಂದ ಪುಡಿ ಸ್ವಲ್ಪ ಕಹಿ ಎನ್ನುತ್ತಲೇ ಇದ್ದರು. ಬೀಜವೇ ಹಾಗೆ ಬರುತ್ತಿದೆ ಎಂದು ಅತ್ತೆ ಹೇಳಿ ಕಳಿಸುತ್ತಿದ್ದರು. ಈ ಸಲ ಅವರು ಡಬ್ಬಿಯನ್ನು ಗಲ್ಲಾದ ಮೇಲೆ ಕುಕ್ಕಿದರು.

“ಏನಮ್ಮಾ ಇದು? ಚಟ್ನಿ ರುಬ್ಬಿದ ಮಿಕ್ಸೀಲಿ ಪುಡಿ ಮಾಡಿದ್ರಾ? ಕಾಫೀಲಿ ಪುದೀನ ವಾಸನೆ!”

ಕಾಫಿಪುಡಿ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಅಂಗಡಿಗೆ ಬಂದ ಮೊದಲ ದಿನವೇ, ಹತ್ತಿರ ಊದುಬತ್ತಿ ಹಚ್ಚಬೇಡಿ ಎಂದು ಅತ್ತೆ ಹೇಳಿಕೊಟ್ಟಿದ್ದರು. ನನ್ನ ಸುಟ್ಟ ಮೂಗಿಗೆ ಪುದೀನ ಗೊತ್ತಾಗದಿದ್ದರೆ ಅದು ಇಲ್ಲವೇ ಇಲ್ಲ ಎಂದುಕೊಂಡಿದ್ದೆ, ಪೆದ್ದ! ಅತ್ತೆ ಡಬ್ಬಿ ತೆರೆದರು, ಮೂಗು ಒಳಗಿಟ್ಟು ಉದ್ದಕ್ಕೆ ಉಸಿರೆಳೆದರು. ನಾನು ನೆಲ ನೋಡಿದೆ.

“ಏನೂ ಇಲ್ವಲ್ಲ ಸಾರ್. ಸರಿಯಾಗೇ ಇದೆ. ನಿಮ್ಮನೇಲೇ ಎಲ್ಲೋ ತಾಗಿರ್ಬೇಕು. ಇರ್ಲಿ, ಬೇರೆ ಕೊಡ್ತೀನಿ.”

ಆ ವಾರ ಇನ್ನೂ ಇಬ್ಬರು ಬಂದರು. ಇಬ್ಬರಿಗೂ ಅದೇ ಉತ್ತರ. ಅಳಿಯನ ಮಾನ ಉಳಿಸಲು ಇಷ್ಟು ಚೆನ್ನಾಗಿ ಸುಳ್ಳು ಹೇಳುವ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ನನಗೆ ಕಣ್ಣು ತುಂಬಿ ಬಂತು. ಮೆಷಿನ್ನನ್ನು ಬಿಚ್ಚಿ ತೊಳೆದೆ. ಪುದೀನವನ್ನು ಚೆಲ್ಲಿದೆ. ಯಾವ ರುಚಿಯೂ ಇಲ್ಲದ ದ್ರವ ತಂದು, ಹೊರಗೆ ರಸ್ತೆಯ ಆಚೆ ಬದಿಗೆ ಹೋಗಿ ಮೂರು ದಮ್ಮು ಎಳೆದು, ಅಂಗಿ ಬದಲಿಸಿ ಒಳಗೆ ಬರತೊಡಗಿದೆ. ಪ್ರತಿ ಸಲ ಅಂಗಿ ಬದಲಿಸಲು ಸೋಮಾರಿತನವಾಗಿಯೇ ದಮ್ಮುಗಳು ಅರ್ಧಕ್ಕರ್ಧ ಕಡಿಮೆಯಾದವು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಟರ್ ಎತ್ತುತ್ತಿದ್ದೆ. ಎಂಥದೋ ಗಬ್ಬು ನಾತ ಮುಖಕ್ಕೆ ಹೊಡೆಯಿತು. ಮೋರಿ! ಆರು ವರ್ಷದಿಂದ ಅಂಗಡಿಯ ಮುಂದೆಯೇ ಹರಿಯುತ್ತಿದ್ದ ಮೋರಿ ಇಷ್ಟು ನಾರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ಬಗ್ಗಿ ಇನ್ನೊಮ್ಮೆ ಮೂಸಿದೆ. ಶಾಲೆಗೆ ಪಾಠ ಮಾಡಲು ಹೊರಟಿದ್ದ ಹೆಂಡತಿ ನಿಂತು, “ಬೆಳಗ್ಗೆ ಬೆಳಗ್ಗೆ ಮೋರಿ ಯಾಕ್ರೀ ಮೂಸ್ತಿದೀರ?” ಎಂದು ಹಣೆ ಚಚ್ಚಿಕೊಂಡಳು. ನಾನು ಗೋಣಿಚೀಲ ಮೂಸಿದೆ, ಗಲ್ಲಾದ ಮರ ಮೂಸಿದೆ, ಅವಳ ಟಿಫನ್ ಡಬ್ಬಿಯ ಚಿತ್ರಾನ್ನವನ್ನೂ ಮೂಸಿದೆ. ಎಲ್ಲಕ್ಕೂ ವಾಸನೆ ಬಂದಿತ್ತು.

ಅವತ್ತು ಅತ್ತೆ ಮೊದಲ ಒಬ್ಬೆ ಹುರಿಯಲು ಹಾಕಿದಾಗ ನಾನು ಹೊಸ್ತಿಲಲ್ಲೇ ನಿಂತೆ. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಬೇಕರಿಯ ಬನ್ನಿನದು, ಆಮೇಲೆ ಹುರಿದ ಕಡಲೆಕಾಯಿಯದು. ಒಂದಾದ ಮೇಲೊಂದು ಬರುತ್ತಿದ್ದರೆ ಮೈಯೆಲ್ಲ ಜುಮ್ಮೆಂದಿತು. ಚಟಪಟ ಶುರುವಾಯಿತು. ಕಡಲೆಕಾಯಿಯ ಹಿಂದೆಯೇ ಸೀದ ಬೆಲ್ಲದಂಥ ಸಣ್ಣ ಘಾಟು ಬಂತು. ಅತ್ತೆ ಇನ್ನೂ ಸುಮ್ಮನಿದ್ದರು. ಘಾಟು ಹೆಚ್ಚಾಯಿತು.

“ಅತ್ತೆ, ಸಾಕು! ಇಳಿಸಿ!”

ಅವರು ಬೆಚ್ಚಿ ಹಿಡಿ ಎಳೆದರು. ಆಗ ನೋಡಿದೆ. ಅವರ ಕಣ್ಣು ಮುಚ್ಚಿರಲಿಲ್ಲ. ಸೌಟು ಮೂಗಿನ ಕೆಳಗೇ ಇತ್ತು, ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು.

ಪುದೀನದ ಡಬ್ಬಿ ನೆನಪಾಯಿತು. ಅವರು ಸುಳ್ಳು ಹೇಳಿರಲಿಲ್ಲ.

“ಎಷ್ಟು ದಿನ ಆಯ್ತು ಅತ್ತೆ?”

ಅವರು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ಹೋದ ವರ್ಷ ಜ್ವರ ಬಂತಲ್ಲ, ಆವಾಗಿಂದ. ಡಾಕ್ಟ್ರು ವಾಪಸ್ ಬರಲ್ಲ ಅಂದ್ರು. ಹಾಲು ಸೀದ್ರೂ ಗೊತ್ತಾಗಲ್ಲ. ಯಾರ್ಗೂ ಹೇಳಿಲ್ಲ, ನನ್ ಮಗಳಿಗೂ.”

“ಮತ್ತೆ ನಾನು ಸೇದಿ ಬಂದಿದ್ದು ಹೇಗೆ ಗೊತ್ತಾಗ್ತಿತ್ತು?”

“ಹೊರಗೆ ಹೋದೋರು ಹತ್ತು ನಿಮಿಷ ಬಿಟ್ಟು ಲವಂಗ ಅಗೀತಾ ಬಂದ್ರೆ, ಅದಕ್ಕೆ ಮೂಗು ಯಾಕ್ರೀ ಬೇಕು? ಕಣ್ಣಿದ್ರೆ ಸಾಕು.”

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವರ ದನಿ ಒಡೆಯಿತು. ಅಂಗಡಿಗೆ ಒಂದು ಮೂಗು ಬೇಕಿತ್ತು, ಅಂಗಡಿಯಲ್ಲಿ ಉಳಿದಿದ್ದು ನನ್ನದೊಂದೇ, ಅದನ್ನು ನಾನು ಸುಟ್ಟುಕೊಂಡು ಕೂತಿದ್ದೆ. ನನಗೆ ನಾಚಿಕೆಯಾಯಿತು. ಹಿಡಿಯನ್ನು ಅವರು ನನ್ನ ಕಡೆ ತೋರಿಸಿ, “ಇನ್ಮೇಲೆ ನೀವೇ ಇಳಿಸಿ” ಎಂದರು. ಆರು ವರ್ಷ ಕಾದಿದ್ದ ಮಾತು ಅದು. ಆದರೆ ಅವರ ಮುಖ ನೋಡಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಗಲ್ಲಾದ ಆಚೆ ಮೊಣಕೈ ಊರಿ ನಿಲ್ಲುವ ಅಷ್ಟು ಜನಕ್ಕೆ ಇವರು ಏನೆಂದು ಹೇಳಬೇಕು?

“ನೀವೇ ನಿಂತ್ಕೊಳ್ಳಿ ಅತ್ತೆ. ನಾನು ಪಕ್ಕದಲ್ಲಿ ಇರ್ತೀನಿ. ಹೊತ್ತಾದಾಗ ಕೆಮ್ತೀನಿ.”

ಯುಗಾದಿಗೆ ಮುಂಚೆಯೇ ನಿಕೋಟಿನ್ ಇಲ್ಲದ ದ್ರವಕ್ಕೆ ಬಂದೆ. ಬೇಸಿಗೆ ಮುಗಿಯುವುದರೊಳಗೆ ಪೆನ್ನು ಗಲ್ಲಾದ ಕೆಳಗಿನ ಖಾನೆ ಸೇರಿತು. ಆಮೇಲೆ ಒಂದೆರಡು ಸಲ ಅದನ್ನು ತೆಗೆದು ಚಾರ್ಜಿಗೆ ಹಾಕಿದ್ದು ನಿಜ. ಅದು ತುಂಬುವುದರೊಳಗೆ ಆಸೆಯೇ ಇಳಿದಿತ್ತು. ಮುಂದೆ ಅಂಥವನ್ನು ಮಾರುವ ಹಾಗಿಲ್ಲ ಎಂದು ಪೇಪರಿನಲ್ಲಿ ಬಂದಾಗ ಆಟೋದವರು ನನ್ನನ್ನು ಕರೆದು ಸಂತಾಪ ಹೇಳಿದರು.

ಕೆಮ್ಮು ಮಾತ್ರ ಒಂದು ಫಜೀತಿ ತಂದಿತು. ಬಿಟ್ಟ ಮೂರು ತಿಂಗಳಿಗೆ ನನ್ನ ಹಳೆಯ ಕೆಮ್ಮು ಪೂರ್ತಿ ಹೋಗಿತ್ತು. ಬೇಕೆಂದೇ ಕೆಮ್ಮುವುದನ್ನು ಕಲಿತು, ದಿನಕ್ಕೆ ನಾಲ್ಕು ಸಲ, ನಾಲ್ಕು ಒಬ್ಬೆಗೆ ಕೆಮ್ಮಬೇಕಾಯಿತು. ನಾನು ಕೆಮ್ಮುತ್ತಿದ್ದೆ, ಅತ್ತೆ ಕಣ್ಣು ಮುಚ್ಚಿಕೊಂಡೇ “ಸಾಕು” ಎಂದು ಹಿಡಿ ಎಳೆಯುತ್ತಿದ್ದರು, ಗಿರಾಕಿಗಳು ತಲೆದೂಗುತ್ತಿದ್ದರು. ಐದು ವರ್ಷ, ಅವರ ಕೈಲಿ ನಿಲ್ಲಲು ಆಗುವವರೆಗೂ, ಹೀಗೇ ನಡೆಯಿತು.

ಅದರ ಮೊದಲ ವರ್ಷ ಒಂದು ದಿನ ಆ ಮೇಷ್ಟ್ರು ನನ್ನ ಕೆಮ್ಮು ಕೇಳಿ ಗಲ್ಲಾ ತಟ್ಟಿದರು. “ಇನ್ನೂ ಬಿಟ್ಟಿಲ್ವೇನಯ್ಯಾ ಆ ಹಾಳು ಸಿಗರೇಟು? ಹೇಗೆ ಕೆಮ್ತಿದೀಯ ನೋಡು.”

“ಬಿಡ್ತೀನಿ ಸಾರ್” ಎಂದೆ.

“ಎಷ್ಟ್ ಹೇಳಿದ್ರೂ ಕೇಳಲ್ಲ ಸಾರ್ ಇವ್ರು” ಎಂದು ಅತ್ತೆ ಒಳಗಿನಿಂದ ಸೇರಿಸಿದರು.

ಮೇಷ್ಟ್ರು ಬಿಸಿಬಿಸಿ ಪೊಟ್ಟಣವನ್ನು ಮುಖಕ್ಕೆ ಹಿಡಿದು ಮೂಸಿದರು. ಮೊದಲಿನ ಹಾಗೇ ಆಗಿದೆ, ಕಹಿಯೆಲ್ಲ ಹೋಯಿತು ಎಂದರು. ನನ್ನ ಕಡೆ ಬಗ್ಗಿ, “ನಿಮ್ಮತ್ತೆ ಮೂಗು ಅಂದ್ರೆ ಮೂಗು ಕಣಯ್ಯಾ. ಅದನ್ನ ನೋಡಿಯಾದ್ರೂ ಕಲೀಬಾರ್ದಾ?” ಎಂದರು.

ಕಲಿಯುತ್ತೇನೆ ಎಂದು ಪೊಟ್ಟಣಕ್ಕೆ ದಾರ ಸುತ್ತಿ ಕೊಟ್ಟೆ. ಒಳಗೆ ಮುಂದಿನ ಒಬ್ಬೆ ಕಡಲೆಕಾಯಿಯ ವಾಸನೆಗೆ ಬಂದಿತ್ತು, ನಾನು ಕೆಮ್ಮುವ ಹೊತ್ತಾಗಿತ್ತು.