ಚೀಲ ಹೊಲಿಯುವ ಜಾಗ

ಎರಡು ವರ್ಷ ಪೊರಕೆ ಹಿಡಿದ ಮೇಲೆ ನನಗೆ ಚೀಲ ಹೊಲಿಯುವ ಮಷೀನು ಸಿಕ್ಕಿತು! ನಂದೂರಿನ ನಮ್ಮ ಬೇಳೆ ಮಿಲ್ಲಿನಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಕಮಲಾಪುರದಿಂದ ಬರುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಆ ದಿನಗಳಲ್ಲಿ ನನ್ನ ಕಾಲು ನೋಯಲಿಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಯಾರ ಕೈಕಾಲಿಗೂ ಏನೂ ಆಗದಿರಲಿ ಎಂದು ಅವತ್ತು ಪ್ರತಿ ಮಷೀನಿನ ಮುಂದೆಯೂ ಕಾಯಿ ಒಡೆಯುತ್ತಾರೆ. ನುಣುಪಾದ ಸಿಮೆಂಟ್ ನೆಲ, ಚೆಲ್ಲಿದ ತೊಗರಿಬೇಳೆ, ಅದರ ಮೇಲೆ ಕಾಯಿನೀರು. ದಿನಾ ಗುಡಿಸಿದವಳಿಗೆ ಇದು ಗೊತ್ತಿರಬೇಕಿತ್ತು. ನನ್ನ ಮಷೀನಿಗೆ ನಾನೇ ಮೊದಲು ಕುಂಕುಮ ಹಚ್ಚಬೇಕೆಂಬ ಹುಮ್ಮಸ್ಸಿನಲ್ಲಿ ಓಡಿದೆ, ಜಾರಿ ಬಲಗೈ ಮೇಲೆ ಬಿದ್ದೆ. ದೇವರನ್ನು ಬೈಯಲೋ ನನ್ನನ್ನೇ ಬೈದುಕೊಳ್ಳಲೋ ತಿಳಿಯಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ, ಆರು ವಾರ ಕೆಲಸದ ಮಾತೇ ಬೇಡ ಎಂದರು.

ಮಿಲ್ಲಿನಲ್ಲಿ ಎಲ್ಲರೂ ಹೆದರುವುದು ಮಷೀನಿನ ಬೆಲ್ಟಿಗೆ. ಆದರೆ ನಮ್ಮನ್ನು ಮನೆಯಲ್ಲಿ ಮಲಗಿಸುವುದು ಜಾರುವ ನೆಲ, ಭಾರದ ಚೀಲ, ಅಲ್ಲಾಡುವ ಏಣಿ. ಹಾಗೆಂದು ಬಾಯಿ ಬಿಡುವವರಿಲ್ಲ. ನೋವು ಎಂದರೆ ಜಾಗ ಹೋಗುತ್ತದೆಂಬ ಭಯ, ಹಾಗಾಗಿ ಎಲ್ಲರ ರಜೆಗೂ ಜ್ವರವೇ ಕಾರಣ. ಪ್ಲಾಸ್ಟರ್ ಹಾಕಿಸಿಕೊಂಡವಳು ಜ್ವರ ಎಂದರೆ ಯಾರು ನಂಬುತ್ತಾರೆ? ನನ್ನ ಜಾಗದಲ್ಲಿ, ನನ್ನ ಜೊತೆ ಗುಡಿಸುತ್ತಿದ್ದ ಗೆಳತಿ ಕೂತಳೆಂದು ಸುದ್ದಿ ಬಂತು. ನನ್ನನ್ನು ಆಟೋದಲ್ಲಿ ದವಾಖಾನೆಗೆ ಒಯ್ದವಳೇ ಅವಳು. ಆದರೂ ಹೊಟ್ಟೆ ಉರಿಯಿತು.

ಐದನೇ ವಾರಕ್ಕೇ ಡಾಕ್ಟರರನ್ನು ಕಾಡಿ ಬೇಡಿ ಪ್ಲಾಸ್ಟರ್ ಬಿಚ್ಚಿಸಿಕೊಂಡೆ. ಮರುದಿನ ಬೆಳಿಗ್ಗೆಯೇ ಬಸ್ ಹತ್ತಿದೆ.

"ಕೈ ಆರಾಮಾಗ್ಯಾದೇನು ಬೇಟಿ?" ಎಂದು ಕೇಳಿದರು ಕೆಲಸ ಹಂಚುವ ನಮ್ಮ ಮುಕಾದಮರು. ಅವರು ಎಲ್ಲರಿಗೂ ಚಾಚಾ.

"ಪೂರಾ ಆರಾಮರೀ ಚಾಚಾ!"

ಗೆಳತಿ ಎದ್ದು ಜಾಗ ಬಿಟ್ಟಳು. ಮಷೀನು ಕಿರ್ರೆಂದಾಗ ನನ್ನ ಎದೆ ಕುಣಿಯಿತು. ಹತ್ತು ಚೀಲ ಸರಸರ ಹೊಲಿದೆ. ಹನ್ನೊಂದನೆಯದರ ಬಾಯಿ ಹಿಡಿಯಲು ಬೆರಳು ಮಡಚಲಿಲ್ಲ. ಚೀಲ ವಾಲಿ ಬೇಳೆಯೆಲ್ಲ ನೆಲಕ್ಕೆ ಸುರಿಯಿತು. ಅದೇ ಹೊತ್ತಿಗೆ ಬೆನ್ನ ಮೇಲೆ ಚೀಲ ಹೊತ್ತ ಹಮಾಲ ತಲೆ ಬಗ್ಗಿಸಿಕೊಂಡು ಆ ಕಡೆಗೇ ಬರುತ್ತಿದ್ದ.

"ನಿಂದ್ರು ಅಣ್ಣಾ!" ಎಂದು ಚೀರಿದೆ.

ಅವನು ಬೇಳೆಯ ಅಂಚಿನಲ್ಲೇ ನಿಂತ. ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಸುಳ್ಳು ಹೇಳಿದೆ ಚಾಚಾ. ಕೈ ಇನ್ನಾ ನೋಯಾಕತ್ತದ."

ಚಾಚಾ ನೆಲ ನೋಡಿದರು, ನನ್ನ ಊದಿದ ಮಣಿಕಟ್ಟು ನೋಡಿದರು. ಇನ್ನು ಕೆಲಸಕ್ಕೆ ಬರಲೇಬೇಡ ಅನ್ನುತ್ತಾರೆಂದುಕೊಂಡೆ.

"ಇನ್ನೊಂದು ವಾರ ಮನ್ಯಾಗ ಇರು. ಆಮ್ಯಾಲ ಒಂದು ತಾಸು ನೀ ಕುಂದ್ರು, ಒಂದು ತಾಸು ಆಕಿ ಕುಂದರ್ಲಿ. ಜಾಗ ಎಲ್ಲಿಗೂ ಹೋಗಂಗಿಲ್ಲ."

ಜಾಗ ಉಳಿಯಿತು! ಗೆಳತಿಯನ್ನು ಎಡಗೈಯಿಂದಲೇ ತಬ್ಬಿಕೊಂಡೆ.

ಅಷ್ಟರಲ್ಲಿ ಹಮಾಲ ಚೀಲ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತ. ನಮ್ಮೆಲ್ಲರಿಗಿಂತ ಗಟ್ಟಿ ಆಳು ಅವನು. "ನಂದು ಸೊಂಟ ಎರಡು ತಿಂಗಳಾತು ಹಿಡಕೊಂಡದರೀ ಚಾಚಾ" ಎಂದ. ಅವನ ಹೆಂಡತಿಗೂ ಅದು ಗೊತ್ತಿರಲಿಲ್ಲವಂತೆ.