ರೂತಮ್ಮನ ಅರ್ಧ ಸಾಕ್ಷಿ

೨೦೧೮ರ ಜೂನ್‌ನಲ್ಲಿ ನಾನು ಹೈದರಾಬಾದಿನ ಕನ್ನಡ ಸಭೆಗೆ ಸಭಾಪಾಲಕನಾಗಿ ವರ್ಗವಾಗಿ ಬಂದೆ. ಅದಕ್ಕೂ ಮೊದಲು ಬೀದರ್ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತಾರು ವರ್ಷ ಸೇವೆ ಮಾಡಿದ್ದೆ. ನಮ್ಮ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ನಾಂಪಲ್ಲಿಯಲ್ಲಿ ಒಂದು ತೆಲುಗು ಸಭೆಯವರು ತಮ್ಮ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಹಾಲ್ ಬಿಟ್ಟುಕೊಡುತ್ತಿದ್ದರು. ಮುಂದಿನ ಬೆಂಚುಗಳಲ್ಲಿ ಸರಕಾರಿ ನೌಕರಿಯಲ್ಲಿದ್ದು ನಿವೃತ್ತರಾದ ಹಳೆಯ ಮನೆತನದವರು, ನಡುವೆ ಐಟಿ ಕಂಪನಿಗಳ ಹುಡುಗ ಹುಡುಗಿಯರು, ಹಿಂದೆ ಗೋಡೆಗೆ ಒತ್ತಿಕೊಂಡು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಹೀಗೆ ಕೂಡಬೇಕೆಂದು ಯಾರೂ ಹೇಳಿರಲಿಲ್ಲ. ನಾನೂ ಅದನ್ನು ಬದಲಿಸಲಿಲ್ಲ ಎನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಆರಾಧನೆಯಲ್ಲಿ ಹಾಡು ಮುಗಿದ ಮೇಲೆ, ನನ್ನ ಉಪದೇಶದ ಪ್ರಸಂಗಕ್ಕೆ ಮೊದಲು, ಹದಿನೈದು ನಿಮಿಷ ಸಾಕ್ಷಿಗೆಂದು ಮೀಸಲು. ದೇವರು ತನ್ನ ಬಾಳಿನಲ್ಲಿ ಮಾಡಿದ ಉಪಕಾರವನ್ನು ಒಬ್ಬರು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ನಾನು ಬಂದ ಹೊಸತರಲ್ಲಿ ಆ ಹದಿನೈದು ನಿಮಿಷ ಬಲು ಸಪ್ಪೆಯಾಗಿತ್ತು. ಮಗಳಿಗೆ ಸೀಟು ಸಿಕ್ಕಿತು, ಅಳಿಯನಿಗೆ ಪ್ರಮೋಷನ್ ಆಯಿತು, ದೇವರಿಗೆ ಸ್ತೋತ್ರ. ನನಗೋ ಜನ ಬೆಂಚಿನ ತುದಿಗೆ ಬಂದು ಕೂಡುವಂಥ ಒಂದು ಸಾಕ್ಷಿ ಬೇಕಿತ್ತು. ಹೊಸ ಅಯ್ಯನವರು ಬಂದ ಮೇಲೆ ಸಭೆಗೆ ಕಳೆ ಬಂತು ಎಂದು ನಾಲ್ಕು ಜನ ಆಡಿಕೊಳ್ಳಲಿ ಎಂಬ ಆಸೆ. ಐವತ್ತೆಂಟರ ವಯಸ್ಸಿನಲ್ಲಿ ಈ ಚಪಲ.

ರೂತಮ್ಮ ಶಹಾಪುರದ ಹತ್ತಿರದ ಹಳ್ಳಿಯವಳು. ಮೂವತ್ತರ ಆಸುಪಾಸು. ಗಂಡ ಸಂಜೀವ ಗೋಡೆ ಕಟ್ಟುವ ಗೌಂಡಿ, ಇವಳು ಅವನಿಗೆ ಕಲಸಿದ ಸಿಮೆಂಟಿನ ಮಾಲು ಹೊತ್ತು ಕೊಡುವವಳು. ಮಣಿಕೊಂಡದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದ್ದ ಜಾಗದ ಪಕ್ಕದ ತಗಡಿನ ಶೆಡ್‌ನಲ್ಲಿ ವಾಸ. ಜುಲೈನಲ್ಲಿ ಅವಳ ಕೆಮ್ಮು ತಿಂಗಳಾದರೂ ಬಿಡದೆ, ಕಫದಲ್ಲಿ ರಕ್ತ ಕಂಡಾಗ, ನಾನೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಷಯ. ಆರು ತಿಂಗಳು ದಿನ ತಪ್ಪದೆ ಗುಳಿಗೆ ನುಂಗಬೇಕು, ಗುಳಿಗೆ ಪುಕ್ಕಟೆ. ಶೆಡ್‌ಗೆ ವಿಳಾಸವೆಂಬುದೇ ಇಲ್ಲದ್ದರಿಂದ ಆಸ್ಪತ್ರೆಯ ಕಾರ್ಡಿನಲ್ಲಿ ನನ್ನ ಮನೆಯ ವಿಳಾಸ, ನನ್ನ ಫೋನ್ ನಂಬರು ಬರೆಸಿದೆ. ವಾರಕ್ಕೊಮ್ಮೆ ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬರುತ್ತಿದ್ದೆ.

ಎರಡು ತಿಂಗಳಲ್ಲಿ ಅವಳು ಗುರುತು ಸಿಗದಷ್ಟು ಚೇತರಿಸಿಕೊಂಡಳು. ಕೆಮ್ಮು ನಿಂತಿತು, ಊಟ ಸೇರಿತು. ಸೆಪ್ಟೆಂಬರಿನಲ್ಲಿ ಮತ್ತೆ ಕಫ ಪರೀಕ್ಷೆ ಮಾಡಿದಾಗ ರೋಗಾಣು ಕಾಣಲಿಲ್ಲ. ಆ ಚೀಟಿ ಹಿಡಿದುಕೊಂಡು ಗಂಡ ಹೆಂಡತಿ ಅಮೀರ್‌ಪೇಟೆಯ ನನ್ನ ಬಾಡಿಗೆ ಮನೆಗೆ ಬಂದರು. ಸಂಜೀವ ಹೊರಗೆ ಬೀಡಿ ಸೇದುತ್ತ ನಿಂತ. ಅವನಿಗೆ ಅದಕ್ಕಿಂತ ದೊಡ್ಡ ಚಟವೂ ಇತ್ತು, ದಿನಾ ಸಂಜೆ ಕುಡಿಯದೆ ಮನೆ ಸೇರಿದವನಲ್ಲ. ನಾನು ಚೀಟಿ ಓದಿ, ಬರುವ ಭಾನುವಾರ ಸಾಕ್ಷಿ ಹೇಳಬೇಕು ಎಂದೆ.

ರೂತಮ್ಮ ಹಿಂಜರಿದಳು. "ಡಾಕ್ಟರು ಇನ್ನಾ ನಾಕ್ ತಿಂಗಳ ಗುಳಿಗಿ ತಗೋಬೇಕು ಅಂದಾರ್ರೀ ಅಯ್ಯನವರ. ಪೂರಾ ಆದ ಮ್ಯಾಲ ಹೇಳಲೇನ್ರಿ?"

"ಅದೆಲ್ಲಾ ಹೇಳಕೋತ ಕೂತ್ರ ಹೊತ್ತು ಹಿಡೀತದವ್ವ. ಗುಳಿಗಿ ಮಾತು ಬಿಡು. ಕರ್ತ ಏನು ಮಾಡ್ಯಾನ, ಅಷ್ಟೇ ಹೇಳು."

ಇಡೀ ವೃತ್ತಿಯಲ್ಲಿ ನಾನಾಡಿದ ಅತ್ಯಂತ ದುಬಾರಿ ಮಾತು ಅದು. ಆಡುವಾಗ ಒಂದಿಷ್ಟೂ ಅಳುಕಿರಲಿಲ್ಲ.

ಅವಳು ಸಾಕ್ಷಿ ಹೇಳಿದ್ದು ಮೂರೇ ನಿಮಿಷ. ರಕ್ತ ಕಾರುತ್ತಿದ್ದೆ, ಸಾಯುತ್ತೇನೆ ಎಂದುಕೊಂಡಿದ್ದೆ, ಅಯ್ಯನವರು ಪ್ರಾರ್ಥಿಸಿದರು, ಈಗ ಚೀಟಿಯಲ್ಲಿ ರೋಗವಿಲ್ಲ. ಹಾಲ್ ಗುಂಯ್‌ಗುಟ್ಟಿತು. ಮುಂದಿನ ಬೆಂಚಿನ ಹೆಂಗಸರು ಮೊದಲ ಸಲ ಹಿಂದಿನ ಗೋಡೆಯತನಕ ನಡೆದು ಹೋಗಿ ಅವಳ ಕೈ ಹಿಡಿದರು. ಆಗ ಯಾರೂ ಎಣಿಸದಿದ್ದದ್ದು ಆಯಿತು. ಸಂಜೀವ ಮುಂದೆ ಬಂದು ನೆಲಕ್ಕೆ ಹಣೆ ಹಚ್ಚಿ ಅಳತೊಡಗಿದ. ನನ್ನ ಹೆಂಡತಿಯನ್ನು ಉಳಿಸಿದ ದೇವರ ಮುಂದೆ ಹೇಳುತ್ತೇನೆ, ಇನ್ನು ಸಿಂದಿ ಸೆರೆ ಮುಟ್ಟುವುದಿಲ್ಲ ಎಂದ. ಒಬ್ಬ ಹುಡುಗಿ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ನಾನೇ ಕೇಳಿ ನನ್ನ ಫೋನಿಗೆ ಹಾಕಿಸಿಕೊಂಡು ನಮ್ಮ ಸಭಾಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆ. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ನವೆಂಬರಿನ ಮಧ್ಯದಲ್ಲಿ ಒಂದು ಬೆಳಿಗ್ಗೆ ಪದ್ಮಾ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಆಕೆ ಟಿಬಿ ಹೆಲ್ತ್ ವಿಸಿಟರ್. ಗುಳಿಗೆ ತಪ್ಪಿಸಿದವರನ್ನು ಬೆನ್ನು ಹತ್ತಿ ಹಿಡಿಯುವುದೇ ಅವಳ ನೌಕರಿ. ತೆಲುಗಿನವಳು, ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದಳು. ರೂತಮ್ಮ ಐದು ವಾರದಿಂದ ಗುಳಿಗೆಗೆ ಬಂದಿಲ್ಲ, ಕಾರ್ಡಿನಲ್ಲಿ ಇರುವುದು ನಿಮ್ಮ ವಿಳಾಸ ಎಂದಳು. ಅರ್ಧಕ್ಕೆ ಬಿಟ್ಟರೆ ಒಳಗೆ ಉಳಿದ ರೋಗಾಣು ತಿರುಗಿ ಬೀಳುತ್ತದೆ, ಆಮೇಲೆ ಈ ಗುಳಿಗೆಗಳಿಗೆ ಬಗ್ಗದೆಯೂ ಹೋಗಬಹುದು ಎಂದು ಬಿಡಿಸಿ ಹೇಳಿದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಪಾಸ್ಟರ್ ಗಾರು, ಆ ತಗಡಿನ ಕೆಳಗೆ ಹನ್ನೊಂದು ಜನ ಮಲಗುತ್ತಾರೆ," ಎಂದಳು.

ಅವಳು ಗುಣವಾದಳೆಂದು ವಾರದ ಭೇಟಿ ನಿಲ್ಲಿಸಿದ್ದವನು ಅಂದೇ ಮಧ್ಯಾಹ್ನ ಮಣಿಕೊಂಡಕ್ಕೆ ಹೋದೆ. ಸಂಜೀವ ಮೇಲೆ ಏಳನೆಯ ಅಂತಸ್ತಿನಲ್ಲಿ ಕೆಲಸದಲ್ಲಿದ್ದ. ರೂತಮ್ಮ ಮೈ ಬಿಸಿಯಿದೆಯೆಂದು ಶೆಡ್‌ನಲ್ಲೇ ಉಳಿದಿದ್ದಳು. ನನ್ನನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡಳು, ಕೆಮ್ಮು ಕೇಳಿಸಬಾರದೆಂದು. ನಾನು ಸಿಟ್ಟಿನ ಮನುಷ್ಯ, ಗದರಿಬಿಟ್ಟೆ. ಓದಿದವಳಲ್ಲ ಸರಿ, ಜೀವದ ಮೇಲೆ ಆಸೆಯಾದರೂ ಬೇಡವೇ ಎಂದೆ. ಅವಳು ಜೋಳದ ಹಿಟ್ಟಿನ ಡಬ್ಬಿಯಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ನನ್ನ ಮುಂದಿಟ್ಟಳು. ಒಂದೊಂದಕ್ಕೂ ಹಿಟ್ಟು ಮೆತ್ತಿತ್ತು.

"ನುಂಗೂದ ಬಾಜೂ ಶೆಡ್ಡಿನಾಕಿ ನೋಡಿದಳ್ರಿ. ಕರ್ತ ಆರಾಮ ಮಾಡ್ಯಾನ ಅಂದಿ, ಮತ್ಯಾಕ ಗುಳಿಗಿ ಅಂದ್ಳು. ಶಕ್ತೀದು ಅಂತ ಸುಳ್ಳ ಹೇಳೀನಿ. ನಾ ಗುಳಿಗಿ ನುಂಗಿದ್ರ ನನ್ನ ಸಾಕ್ಷಿ ಸುಳ್ಳಾಕ್ಕೈತ್ರಿ. ಸಾಕ್ಷಿ ಸುಳ್ಳಾದ್ರ ಇಂವ ಮತ್ತ ಕುಡಿಯಾಕ ಹತ್ತತಾನ. ಐವತ್ತ ದಿನ ಆತ್ರೀ ಅಯ್ಯನವರ, ನನ್ನ ಮೈಮ್ಯಾಲ ಕೈ ಬಿದ್ದಿಲ್ಲ."

ಅವಳನ್ನು ಈ ಮೂಲೆಗೆ ನೂಕಿದ್ದು ಬಡತನವಲ್ಲ, ಅಜ್ಞಾನವೂ ಅಲ್ಲ, ನಾನು. ಗುಳಿಗೆ ನುಂಗಿದರೆ ಗಂಡ ಹೋಗುತ್ತಾನೆ, ನುಂಗದಿದ್ದರೆ ಜೀವ. ಅವಳು ಲೆಕ್ಕ ಹಾಕಿ ಜೀವವನ್ನೇ ಪಣಕ್ಕಿಟ್ಟಿದ್ದಳು. ಆಂವಗ ಹೇಳಬ್ಯಾಡ್ರಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ನಾನು ಹೂಂ ಎಂದೆ. ಹಾಗೆ ಅವಳ ಜೊತೆ ನಾನೂ ಸಿಕ್ಕಿಬಿದ್ದೆ.

ಮುಂದಿನ ಎರಡು ವಾರ ನಾನು ಮಾಡಿದ್ದೆಲ್ಲ ಕಳ್ಳದಾರಿ ಹುಡುಕುವ ಕೆಲಸ. ನಮ್ಮ ಮನೆಗೇ ಬಂದು ಗುಟ್ಟಾಗಿ ಗುಳಿಗೆ ನುಂಗು ಎಂದೆ. ಎರಡು ಬಸ್ಸು ಬದಲಿಸಿ ದಿನಾ ಬರಲು ಅವಳಿಂದಾದೀತೇ? ಒಮ್ಮೆ ಬಂದು, ಮೆಟ್ಟಿಲಲ್ಲೇ ಕುಸಿದು ಕುಳಿತಳು. ಪದ್ಮಾಳನ್ನು ಕೇಳಿದರೆ, ಹಾಗೆಲ್ಲ ಬಿಟ್ಟಲ್ಲಿಂದ ಶುರು ಮಾಡುವಂತಿಲ್ಲ, ಮೊದಲು ಪರೀಕ್ಷೆಯಾಗಬೇಕು, ಮನೆಯವರೆಲ್ಲರದೂ ಆಗಬೇಕು ಎಂದಳು. ಮನೆಯವರು ಎಂದರೆ ಮೊದಲು ಸಂಜೀವ. ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಸಭೆಯ ಮುಂದೆ ನಿಜ ಹೇಳೋಣವೆಂದರೆ ಅವಳಿಗೆ ಕೊಟ್ಟ ಮಾತು ಅಡ್ಡ. ಇನ್ನೊಂದೂ ಅಡ್ಡವಿತ್ತು, ನನ್ನ ಮರ್ಯಾದೆ. ಯಾವುದು ಹೆಚ್ಚು ಅಡ್ಡವಾಗಿತ್ತೆಂದು ಆಗ ಕೇಳಿದ್ದರೆ ಮೊದಲನೆಯದು ಎನ್ನುತ್ತಿದ್ದೆ.

ಇಷ್ಟರಲ್ಲಿ ಇನ್ನೊಂದು ಗಂಟು ಬಿತ್ತು. ನಾನು ಕಳಿಸಿದ್ದ ಆ ವೀಡಿಯೊ ನೋಡಿದ ದೊಡ್ಡ ಸಭೆಯೊಂದರವರು, ಡಿಸೆಂಬರಿನ ತಮ್ಮ ಸಮಾವೇಶದಲ್ಲಿ ರೂತಮ್ಮ ಸಾಕ್ಷಿ ಹೇಳಬೇಕೆಂದು ಕರೆ ಕಳಿಸಿದರು. ಸಂಜೀವ ಫೋನಿನಲ್ಲಿ ಕುಣಿದಾಡಿದ. "ಆಕೀಗೆ ಹೊಸ ಸೀರಿ ತಂದೀನ್ರೀ ಅಯ್ಯನವರ," ಎಂದ. ನಾನು ಫೋನಿಟ್ಟು ಕುಳಿತೆ. ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ, "ಆಕಿ ಸತ್ರ ಮಣ್ಣು ಮಾಡಾಕ ನೀವ ಹೋಗಬೇಕಲ್ಲ, ಅಲ್ಲಿ ಏನು ಪ್ರಸಂಗ ಮಾಡ್ತೀರಿ?" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮೇಲೆ ಅಷ್ಟು ಕೋಪ ಎಂದೂ ಬಂದಿರಲಿಲ್ಲ. ಎದ್ದು ಒಳಗೆ ಹೋಗಿ ಸತ್ಯವೇದ ತೆರೆದೆ, ಓದಲಿಕ್ಕಲ್ಲ, ಮುಖ ಮುಚ್ಚಿಕೊಳ್ಳಲಿಕ್ಕೆ.

ಕಣ್ಣಿಗೆ ಬಿದ್ದದ್ದು ಬೇತ್ಸಾಯಿದದ ಕುರುಡನ ಕಥೆ. ನನ್ನ ಸೇವೆಯಲ್ಲಿ ಅದರ ಮೇಲೆ ಕಡಿಮೆಯೆಂದರೂ ಹತ್ತು ಸಲ ಉಪದೇಶಿಸಿದ್ದೇನೆ. ಯೇಸು ಅವನನ್ನು ಕೈಹಿಡಿದು ಊರ ಹೊರಗೆ ಕರೆದೊಯ್ದು, ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಕುರುಡ, ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಎನ್ನುತ್ತಾನೆ. ಆಮೇಲೆ ಯೇಸು ಎರಡನೆಯ ಸಲ ಕೈಯಿಡುತ್ತಾನೆ, ಎಲ್ಲ ಸ್ಪಷ್ಟವಾಗುತ್ತದೆ. ಹತ್ತು ಸಲವೂ ನಾನು ನಡುವಿನ ಆ ಮಾತನ್ನು ದಾಟಿ ಕೊನೆಗೆ ಓಡಿದ್ದೆ. ಈಗ ಅಲ್ಲೇ ನಿಂತೆ. ಗುಣಪಡಿಸಿದವನು ಎದುರಿಗೇ ನಿಂತಿದ್ದಾನೆ. ಅವನಿಗೆ ಮುಜುಗರವಾದೀತೆಂದು ಕುರುಡ ಪೂರಾ ಕಾಣುತ್ತದೆ ಎಂದುಬಿಡಬಹುದಿತ್ತು. ಅನ್ನಲಿಲ್ಲ. ಇನ್ನೂ ಸರಿಯಾಗಿಲ್ಲ ಎಂದು ನೆಟ್ಟಗೆ ಹೇಳಿದ. ಯೇಸು ಬೇಸರಪಡಲಿಲ್ಲ, ನಿನ್ನ ನಂಬಿಕೆ ಸಾಲದು ಎನ್ನಲಿಲ್ಲ, ಮತ್ತೆ ಕೈಯಿಟ್ಟ. ಆ ಬಡಪಾಯಿಯ ಪಕ್ಕದಲ್ಲಿ ನಾನಿದ್ದಿದ್ದರೆ, ಮರದ ಮಾತು ಬಿಡು ಎಂದು ಕಿವಿಯಲ್ಲಿ ಊದುತ್ತಿದ್ದೆ. ಆ ಎರಡನೆಯ ಸ್ಪರ್ಶ ಅವನಿಗೆ ಸಿಗುತ್ತಲೇ ಇರಲಿಲ್ಲ. ಕುಳಿತಲ್ಲೇ ಅತ್ತೆ.

ಶನಿವಾರ ರೂತಮ್ಮನ ಬಳಿ ಹೋದೆ. ನಾಳೆ ನನ್ನ ತಪ್ಪನ್ನು ಸಭೆಗೆ ಹೇಳುತ್ತೇನೆ, ನೀನು ಗುಳಿಗೆ ಬಿಟ್ಟದ್ದನ್ನು ಹೇಳುವುದಿಲ್ಲ, ಆದರೆ ಸಂಜೀವನಿಗೆ ಗೊತ್ತಾಗಿಯೇ ಆಗುತ್ತದೆ, ನೀನು ಬೇಡವೆಂದರೆ ನನ್ನ ತಪ್ಪಿನ ಮಾತನ್ನೂ ಎತ್ತುವುದಿಲ್ಲ ಎಂದೆ.

"ಆಂವ ಎದ್ದ ಹ್ವಾದ್ರ?"

"ಗೊತ್ತಿಲ್ಲ ತಾಯಿ."

ಅವಳು ಬಹಳ ಹೊತ್ತು ಕೆಮ್ಮಿದಳು. ಆಮೇಲೆ, "ಹೇಳ್ರಿ," ಎಂದಳು.

ಭಾನುವಾರ ಸಾಕ್ಷಿಯ ಹೊತ್ತಿನಲ್ಲಿ ನಾನೇ ನಿಂತೆ. ಒಬ್ಬ ಸೋದರಿಯ ಸಾಕ್ಷಿಯಲ್ಲಿ ಅರ್ಧ ಭಾಗವನ್ನು ನಾನು ಕತ್ತರಿಸಿ ಹಾಕಿಸಿದೆ, ದೇವರ ಮಹಿಮೆಗೆಂದು ಹೇಳಿಕೊಂಡು ನನ್ನ ಮಹಿಮೆಗೆ ಮಾಡಿಸಿದೆ ಎಂದೆ. ಹಿಂದಿನ ಗೋಡೆಯ ಬಳಿ ರೂತಮ್ಮ ಎದ್ದಳು. ಎದ್ದು ನಿಲ್ಲು ಎಂದು ನಾನು ಹೇಳಿರಲಿಲ್ಲ. "ನನಗ ಇನ್ನಾ ಪೂರಾ ಆರಾಮ ಆಗಿಲ್ರಿ. ಗುಳಿಗಿ ಬಿಟ್ಟಿದ್ದೆ. ಮತ್ತ ಕೆಮ್ಮು ಬಂದೈತಿ. ಕರ್ತ ಮೊದಲನೇದ್ದು ಮಾಡಿದ್ದು ಖರೇ, ಇನ್ನಷ್ಟು ಮಾಡೂದೈತಿ," ಎಂದು ಕುಳಿತುಬಿಟ್ಟಳು. ಯಾರೂ ಸ್ತೋತ್ರ ಎನ್ನಲಿಲ್ಲ. ಸಂಜೀವ ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಆ ಸಂಜೆ ಅವನ ಫೋನ್ ಬಂದ್ ಇತ್ತು. ಮುಂದಿನ ಬೆಂಚಿನ ಹಿರಿಯರೊಬ್ಬರು ಫೋನ್ ಮಾಡಿ, ಒಂದು ಕುಟುಂಬ ಒಡೆದಿರಿ, ಸಂತೋಷವಾಯಿತೇ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪದ್ಮಾ ಫೋನ್ ಮಾಡಿ ಆಸ್ಪತ್ರೆಗೆ ಬನ್ನಿ ಎಂದಳು. ಆಟೋ ಹಿಡಿದು ಹೋದೆ. ಕಫ ಪರೀಕ್ಷೆಯ ಸಾಲಿನಲ್ಲಿ ರೂತಮ್ಮ ನಿಂತಿದ್ದಳು. ಅವಳ ಹಿಂದೆ ಸಂಜೀವ, ಕೈಯಲ್ಲಿ ಎರಡು ಡಬ್ಬಿ, ಒಂದು ಅವಳದು, ಒಂದು ತನ್ನದು. ಹತ್ತಿರ ಹೋದಾಗ ಹೆಂಡದ ವಾಸನೆ ಮೂಗಿಗೆ ಬಡಿಯಿತು. ಅವನು ಹಿಂದೆ ಸರಿಯಲಿಲ್ಲ.

"ನಿನ್ನಿ ಕುಡದೀನ್ರೀ ಅಯ್ಯನವರ. ಸಿಟ್ಟಾಗಿ ಹೋದವ, ಕುಡದೇ ಬಂದೆ. ಬಂದು ನೋಡಿದ್ರ ಇಕಿ ಗುಳಿಗಿಗೆ ಹತ್ತಿದ ಹಿಟ್ಟು ಒರಸಕೋತ ಕುಂತಿದ್ಳು," ಎಂದ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಅವನೂ ಸರಿದ. "ನನಗೂ ಇನ್ನಾ ಪೂರಾ ಆಗಿಲ್ರಿ. ಮುಂದಿನ ಐತವಾರ ಹೇಳಲಿ?"

ಪರೀಕ್ಷೆಯಲ್ಲಿ ರೋಗ ಮರಳಿದ್ದು ಖಚಿತವಾಯಿತು, ಆದರೆ ಮಾಮೂಲಿ ಗುಳಿಗೆಗೇ ಬಗ್ಗುವ ರೋಗ. ಮೊದಲಿನಿಂದ ಮತ್ತೆ ಆರು ತಿಂಗಳು. ಸಂಜೀವನ ಕಫದಲ್ಲಿ ಏನೂ ಸಿಗಲಿಲ್ಲ, ಶೆಡ್‌ನ ಉಳಿದವರದರಲ್ಲೂ ಸಿಗಲಿಲ್ಲ. ಸಮಾವೇಶಕ್ಕೆ ಅವಳು ಹೋಗಲಿಲ್ಲ. ಸಂಜೀವ ಆ ಆರು ತಿಂಗಳಲ್ಲಿ ಇನ್ನೂ ಎರಡು ಸಲ ಕುಡಿದ, ಎರಡು ಸಲವೂ ಬಂದು ಸಭೆಯಲ್ಲಿ ಎದ್ದು ಹೇಳಿದ. ಹೆಂಡತಿಯ ಮೇಲೆ ಕೈಯೆತ್ತಲಿಲ್ಲವೆಂದು ರೂತಮ್ಮನೇ ನನ್ನ ಹೆಂಡತಿಗೆ ಹೇಳಿದ್ದಳು. ಸಭೆಯ ನಾಲ್ಕು ಮನೆಯವರು ಮಾತ್ರ ನಮ್ಮನ್ನು ಬಿಟ್ಟು ಬೇರೆ ಸಭೆ ಸೇರಿದರು. ಇಲ್ಲಿ ಪ್ರಾರ್ಥನೆಗೆ ಬಲ ಉಳಿದಿಲ್ಲ ಎಂಬುದು ಅವರ ದೂರು. ನನಗೆ ನೋವಾಯಿತು, ಈಗಲೂ ಆಗುತ್ತದೆ.

ಸಭಾಪಾಲಕನ ಕೆಲಸವೆಂದರೆ ಜನರ ನಂಬಿಕೆಯನ್ನು ಬೆಳೆಸುವುದು ಎಂದು ನನಗೆ ಕಲಿಸಿದ್ದರು. ಬೆಳೆಯುತ್ತಿರುವವನು ಇನ್ನೂ ಬೆಳೆದಿಲ್ಲ ಎಂದು ಹೇಳಿಕೊಳ್ಳಲು ಹೆದರುವಂಥ ಸಭೆಯಲ್ಲಿ ಯಾರೂ ಬೆಳೆಯುವುದಿಲ್ಲ, ಮೊದಲು ಪಾಲಕನೇ ಬೆಳೆಯುವುದಿಲ್ಲ. ಇದನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು, ಅದಕ್ಕೆ ಒಬ್ಬ ಹೆಣ್ಣುಮಗಳ ಎದೆಗೂಡು ಬೆಲೆ ತೆರಬೇಕಾಯಿತು. ನಿವೃತ್ತನಾಗುವವರೆಗೂ, ಯಾರಾದರೂ ಸಾಕ್ಷಿ ಹೇಳಲು ಬಂದರೆ ಮೊದಲು ಒಂದು ಮಾತು ಕೇಳುತ್ತಿದ್ದೆ: "ಇನ್ನಾ ಏನು ಉಳದದ, ಅದನ್ನೂ ಹೇಳ್ತೀಯಲ್ಲ?"